ಪೇಟಿ ಚಾಚಾರ ಇಮೇಲ್

ಹಾನಗಲ್ಲಿನ ಬಸ್‌ಸ್ಟ್ಯಾಂಡಿನ ಎದುರು ಸಾಲಿನಲ್ಲಿ ನನ್ನದೊಂದು ಚಿಕ್ಕ ಅಂಗಡಿ ಇದೆ. ಅರ್ಜಿ ತುಂಬುವುದು, ಟೈಪಿಂಗ್, ಝೆರಾಕ್ಸ್, ಲಗ್ನಪತ್ರಿಕೆ ಮಾಡಿಕೊಡುವುದು ಹೊಟ್ಟೆಪಾಡಿನ ಕೆಲಸ. ಕೆಟ್ಟ ಕಂಪ್ಯೂಟರ್ ನೋಡುವುದು ಇಷ್ಟದ ಕೆಲಸ. ಮೊದಮೊದಲು ಹೆಂಗಸು ರಿಪೇರಿ ಮಾಡುತ್ತಾಳೆ ಎಂದು ಜನ ಅನುಮಾನದಿಂದ ನೋಡುತ್ತಿದ್ದರು. ಈಗ ಹಾನಗಲ್ಲಿನವರಿಗೆ ಅದು ರೂಢಿಯಾಗಿದೆ. ನನಗೆ ಒಂದು ಕೆಟ್ಟ ಸ್ವಭಾವವಿದೆ. ಯಂತ್ರ ಸರಿಯಾದರೆ ಗಿರಾಕಿಗೆ ಸಮಾಧಾನ. ನನಗೆ ಅದು ಯಾಕೆ ಕೆಟ್ಟಿತ್ತು ಎಂದು ಗೊತ್ತಾಗುವವರೆಗೆ ಊಟ ಸೇರುವುದಿಲ್ಲ.

ಎರಡು ವರ್ಷದ ಹಿಂದಿನ ಮಾತು. ಒಂದು ದಿನ ಬೆಳಿಗ್ಗೆ ಎಪ್ಪತ್ತರ ಆಸುಪಾಸಿನ ಒಬ್ಬರು ಅಂಗಡಿಯ ಮೆಟ್ಟಿಲು ಹತ್ತಿದರು. ಬಿಳಿ ಅಂಗಿ, ಬಿಳಿ ಗಡ್ಡ, ಎರಡೂ ಕೈಯಲ್ಲಿ ತಬ್ಬಿ ಹಿಡಿದ ಒಂದು ಗಂಟು. ದಪ್ಪ ಕೆಂಪು ಬಟ್ಟೆಯ ಹೊಲಿದ ಗವಸು, ಅದಕ್ಕೆ ಗುಂಡಿಗಳು. ಬಿಚ್ಚಿದರೆ ಒಳಗೆ ಕಂಪ್ಯೂಟರಿನ ಸಿಪಿಯು. ಸವಣೂರಿನಿಂದ ಹೊರಟು, ಬಂಕಾಪುರದಲ್ಲಿ ಬಸ್ಸು ಬದಲಿಸಿ, ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು.

"ಇದರಾಗ ನನ್ನ ಟಪಾಲ್ ಐತಿ ಬೇಟಿ" ಎಂದರು. "ತಗದ್ರ ತಗಿಯೂದಿಲ್ಲ, ಮುಚ್ಚಿದ್ರ ಮುಚ್ಚೂದಿಲ್ಲ. ಎಂಟ ದಿನ ಆತು."

ಗವಸು ಚೆನ್ನಾಗಿದೆ, ಯಾರು ಹೊಲಿದದ್ದು ಎಂದು ಕೇಳಿದೆ. ಅದು ಹಾರ್ಮೋನಿಯಂ ಗವಸು ಎಂದರು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತೇವೆ. ಇವರು ಪೇಟಿ ರಿಪೇರಿ ಮಾಡುವವರು. ತಂದೆಯ ಕಾಲದಿಂದ ಅದೇ ಕಸುಬು. ನಾನು ಅವರನ್ನು ಚಾಚಾ ಎಂದು ಕರೆಯತೊಡಗಿದ್ದು ಆವತ್ತಿನಿಂದಲೇ.

ಪೇಟಿ ರಿಪೇರಿಗೂ ಇಮೇಲಿಗೂ ಏನು ಸಂಬಂಧ ಎಂಬುದು ನನಗೆ ಮೊದಲ ಕುತೂಹಲ. ಅದನ್ನೂ ಕೇಳಿದೆ. ದೂರದೂರದ ಊರಿನವರು ತಮ್ಮ ಪೇಟಿಯ ದನಿಯನ್ನು ಫೋನಿನಲ್ಲಿ ಹಿಡಿದು ಇವರಿಗೆ ಇಮೇಲ್ ಮಾಡುತ್ತಾರಂತೆ. ಇವರು ಕೇಳಿ, ಯಾವ ಮನೆ, ಎಂದರೆ ಬೆರಳಿನಿಂದ ಒತ್ತುವ ಯಾವ ಕೀಲಿ, ಹಿಡಿದಿದೆ, ಎಲ್ಲಿ ಗಾಳಿ ಸೋರುತ್ತಿದೆ, ಮನೆಯಲ್ಲೇ ಸರಿಮಾಡಬಹುದೇ ಅಥವಾ ಪೇಟಿ ಕಳಿಸಬೇಕೇ ಎಂದು ಬರೆಯುತ್ತಾರೆ. ಶಿಗ್ಗಾಂವಿಯ ಕಾಲೇಜಿನಲ್ಲಿ ಲೈಬ್ರರಿ ನೋಡಿಕೊಳ್ಳುವ ಮಗಳು ಹನ್ನೆರಡು ವರ್ಷದ ಹಿಂದೆ ಈ ಕಂಪ್ಯೂಟರ್ ಕೊಡಿಸಿ, ಅದರಲ್ಲಿ ಇಮೇಲ್ ತೆರೆಯುವ ಒಂದು ಪುಕ್ಕಟೆ ಪ್ರೋಗ್ರಾಂ ಹಾಕಿಕೊಟ್ಟಿದ್ದಳು. ಬಂದ ಪತ್ರವೆಲ್ಲ ಮನೆಯ ಕಂಪ್ಯೂಟರಿನಲ್ಲೇ ಉಳಿಯುವುದು ಅವರಿಗೆ ಹಿಡಿಸಿತ್ತು. ಇಂಟರ್‌ನೆಟ್ ಇಲ್ಲದಾಗಲೂ ಹಳೆಯ ಪೇಟಿಗಳ ದನಿ ಕೇಳಬಹುದಲ್ಲ.

ಸಿಪಿಯು ಜೋಡಿಸಿ ಪ್ರೋಗ್ರಾಂ ಒತ್ತಿದೆ. ಪರದೆಯ ಮೇಲೆ ಒಂದು ಸಂದೇಶ ಬಂತು. ಓದಿ ಹೇಳಿದೆ: ಈ ಪ್ರೋಗ್ರಾಂ ಈಗಾಗಲೇ ನಡೆಯುತ್ತಿದೆ, ಹೊಸದಾಗಿ ತೆರೆಯಬೇಕಾದರೆ ಮೊದಲು ಹಳೆಯದನ್ನು ಮುಚ್ಚಿ.

"ನಡದೈತಿ ಅಂದ್ರ ಎಲ್ಲಿ ನಡದೈತಿ?" ಚಾಚಾ ಪರದೆಯ ಹತ್ತಿರ ಬಾಗಿದರು. "ಕಣ್ಣಿಗೆ ಏನೂ ಕಾಣವಲ್ದು."

ಒಳಗೆ ಏನೇನು ಕೆಲಸ ನಡೆದಿದೆ ಎಂದು ತೋರಿಸುವ ಪಟ್ಟಿಯೊಂದು ಕಂಪ್ಯೂಟರಿನಲ್ಲಿ ಇರುತ್ತದೆ. ಅದನ್ನು ತೆರೆದು ನೋಡಿದೆ. ಅಲ್ಲಿ ಇಮೇಲ್ ಪ್ರೋಗ್ರಾಂನ ಹೆಸರೇ ಇಲ್ಲ. ಪ್ರೋಗ್ರಾಂ ತಾನು ನಡೆಯುತ್ತಿದ್ದೇನೆ ಎನ್ನುತ್ತದೆ, ಪಟ್ಟಿ ಇಲ್ಲ ಎನ್ನುತ್ತದೆ. ಹುಡುಕಿದರೆ ಸಿಕ್ಕಿದ್ದು ಒಂದು ಪುಟ್ಟ ಗುರುತಿನ ಕಡತ. ಪ್ರೋಗ್ರಾಂ ಶುರುವಾದಾಗ ಅದನ್ನು ಇಡುತ್ತದೆ, ಮುಗಿದಾಗ ತೆಗೆಯುತ್ತದೆ. ಈ ಸಲ ತೆಗೆದಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಕಂಡರೆ ಒಳಗೆ ಮಂದಿ ಇದ್ದಾರೆ ಎಂದು ನಾವು ತಿಳಿಯುವ ಹಾಗೆ ಅದು ಆ ಗುರುತು ಕಂಡು ಒಳಗೆ ಬರುತ್ತಿರಲಿಲ್ಲ. ಚಾಚಾರಿಗೆ ಹಾಗೆಯೇ ವಿವರಿಸಿದೆ.

"ಅಂದ್ರ ಚಪ್ಪಲ್ ಬಿಟ್ಟು ಬರಿಗಾಲಾಗ ಓಡಿಹೋಗ್ಯಾನ" ಎಂದರು.

ಗುರುತು ಅಳಿಸಿದೆ. ಪ್ರೋಗ್ರಾಂ ತೆರೆಯಿತು. ಅವರು ನಿಂತಲ್ಲೇ ಎರಡು ಪತ್ರ ಓದಿ, ಕಂಪ್ಯೂಟರಿಗೆ ಗವಸು ತೊಡಿಸಿ, ಗುಂಡಿ ಹಾಕಿ, ಮಧ್ಯಾಹ್ನದ ಬಸ್ಸಿಗೆ ಹೋದರು.

ನಾಲ್ಕು ದಿನಕ್ಕೆ ಫೋನ್ ಬಂತು. ಮತ್ತೆ ಅದೇ ಸಂದೇಶ. ಎರಡನೇ ಸಲ ತಂದಾಗ ಪ್ರೋಗ್ರಾಂ ಪೂರ್ತಿ ತೆಗೆದು ಹೊಸದಾಗಿ ಹಾಕಿದೆ. ಅಂಗಡಿಯಲ್ಲಿ ಚೆನ್ನಾಗಿ ತೆರೆಯಿತು. ಸವಣೂರಿಗೆ ಹೋದ ಮರುದಿನವೇ ಮತ್ತೆ ಕೆಟ್ಟಿತು. ಈ ಸಲ ಫೋನಿನಲ್ಲಿ ಅವರ ದನಿಯಲ್ಲಿ ಬೇಸರವಿರಲಿಲ್ಲ, ಸಂಕೋಚವಿತ್ತು. "ನಿನಗ ತ್ರಾಸ ಕೊಡಾಕತ್ತೇನಿ. ಪೇಟಿನೂ ಹಿಂಗ ಮಾಡ್ತಾವು. ನಮ್ಮ ಮುಂದ ಶಾಣ್ಯಾ ಆಗಿರ್ತಾವು, ಮನಿಗೆ ಹೋದಕೂಡ್ಲೆ ಹಟ ಹಿಡೀತಾವು."

"ಹಂಗಾದ್ರ ನಾನ ಬರ್ತೇನಿ ಚಾಚಾ" ಎಂದೆ. "ನಿಮ್ಮ ಮನಿಯೊಳಗ ಅದು ಏನ್ ಮಾಡತೈತಿ ನೋಡೂಣು."

ರವಿವಾರ ಅಂಗಡಿ ಮುಚ್ಚಿ ಸವಣೂರಿಗೆ ಹೋದೆ. ಅವರ ಮನೆಯ ಮುಂದಿನ ಕೋಣೆಯೇ ಕೆಲಸದ ಜಾಗ. ಗೋಡೆಗುಂಟ ಬಿಚ್ಚಿದ ಪೇಟಿಗಳು, ಎಳೆದು ಬಿಟ್ಟ ತಿದಿಗಳು, ಒಂದು ಮರದ ತಟ್ಟೆಯಲ್ಲಿ ಸಾಲಾಗಿ ಹಿತ್ತಾಳೆಯ ರೀಡುಗಳು. ಸಣ್ಣದು ನನ್ನ ಕಿರುಬೆರಳಿನ ಉಗುರಿನಷ್ಟು. ಇದರಿಂದ ಅಷ್ಟು ದೊಡ್ಡ ದನಿ ಬರುತ್ತದೆಯೇ ಎಂದು ಕೇಳಿದಾಗ ಅವರು ಒಂದನ್ನು ಬಾಯಿಗೆ ಹಿಡಿದು ಊದಿ ತೋರಿಸಿದರು. ಕಂಪ್ಯೂಟರ್ ಒಂದು ಮೂಲೆಯಲ್ಲಿತ್ತು.

"ದಿನಾ ಹೆಂಗ ಮಾಡ್ತೀರಿ ಹಂಗ ಮಾಡ್ರಿ. ನಾ ನಡುವ ಮಾತಾಡೂದಿಲ್ಲ" ಎಂದೆ.

ಗುರುತಿನ ಕಡತ ಅಳಿಸಿ ಪ್ರೋಗ್ರಾಂ ತೆರೆದುಕೊಟ್ಟೆ. ಅವರು ಕನ್ನಡಕ ಹಾಕಿ ಪತ್ರ ನೋಡಿದರು, ಒಂದಕ್ಕೆ ಉತ್ತರ ಬರೆದರು, ಪ್ರೋಗ್ರಾಂನ ಕಿಟಕಿ ಮುಚ್ಚಿದರು. ಪರದೆ ಖಾಲಿಯಾಯಿತು. ಕಂಪ್ಯೂಟರ್ ಬಂದ್ ಮಾಡಲು ಒತ್ತಿದರು. ಏನೋ ಕೆಲಸ ಬಾಕಿ ಇದೆ, ತಡೆಯಿರಿ ಎಂಬ ಇಂಗ್ಲಿಷ್ ಅಕ್ಷರ ಬಂದವು. ಅವರು ಅದನ್ನು ನೋಡಲೇ ಇಲ್ಲ. ಎದ್ದು ಗೋಡೆಯ ಸ್ವಿಚ್ಚಿನ ಕಡೆ ಕೈ ಚಾಚಿದರು.

"ತಡೀರಿ ಚಾಚಾ" ಎಂದೆ. ಮಾತಾಡುವುದಿಲ್ಲ ಎಂದು ಕೊಟ್ಟ ಮಾತು ಅಲ್ಲಿಗೆ ಮುರಿಯಿತು. ಬಂದ್ ಆಗುತ್ತಿದ್ದುದನ್ನು ರದ್ದು ಮಾಡಿ, ಮತ್ತೆ ಆ ಪಟ್ಟಿ ತೆರೆದೆ. ಈ ಸಲ ಇಮೇಲ್ ಪ್ರೋಗ್ರಾಂ ಅದರಲ್ಲಿ ಇತ್ತು. ಕಿಟಕಿ ಮುಚ್ಚಿದ ಮೇಲೂ ಒಳಗೆ ನಡೆದೇ ಇತ್ತು.

ಚಾಚಾ ಪರದೆ ನೋಡಲಿಲ್ಲ. ಒಂದು ಉದ್ದನೆಯ ಮರದ ಪಟ್ಟಿ ತಂದರು, ಶಾಲೆಯ ಅಡಿಪಟ್ಟಿಗಿಂತ ದುಪ್ಪಟ್ಟು ಉದ್ದ. ಒಂದು ತುದಿಯನ್ನು ಸಿಪಿಯು ಮೇಲೆ ಊರಿ, ಇನ್ನೊಂದನ್ನು ಕಿವಿಯ ಹಿಂದಿನ ಎಲುಬಿಗೆ ಹಚ್ಚಿ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ಪಟ್ಟಿಯನ್ನು ನನಗೆ ಕೊಟ್ಟು, "ಕೇಳು. ಒಳಗ ಇನ್ನೂ ಉಸುರೈತಿ" ಎಂದರು.

ನಾನು ಹಚ್ಚಿಕೊಂಡೆ. ಫ್ಯಾನಿನ ಸದ್ದಿನ ಕೆಳಗೆ, ದೂರದಲ್ಲಿ ಯಾರೋ ಕಾಳು ಆರಿಸಿ ತಟ್ಟೆಗೆ ಹಾಕಿದಂತೆ ಟಿಕ್ಕು ಟಿಕ್ಕು ಎಂಬ ಸದ್ದು. ಹಾರ್ಡ್ ಡಿಸ್ಕ್ ಬರೆಯುತ್ತಿತ್ತು. ಹದಿನೈದು ವರ್ಷದಿಂದ ಕಂಪ್ಯೂಟರ್ ಬಿಚ್ಚುತ್ತಿದ್ದೇನೆ, ಒಂದು ಸಲವೂ ಹೀಗೆ ಕಿವಿಗೊಟ್ಟು ಕೇಳಿರಲಿಲ್ಲ. ಅಂಗಡಿಯ ಗದ್ದಲದಲ್ಲಿ ಕೇಳುವಂತೆಯೂ ಇರಲಿಲ್ಲ.

ಏನು ಬರೆಯುತ್ತಿದೆ ಎಂದು ನೋಡಲು ಪ್ರೋಗ್ರಾಂ ತನ್ನ ಪತ್ರಗಳನ್ನು ಇಡುವ ಜಾಗಕ್ಕೆ ಹೋದೆ. ಅಲ್ಲಿ ಅರ್ಧಂಬರ್ಧ ಕಡತಗಳ ರಾಶಿಯೇ ಬಿದ್ದಿತ್ತು. ಎಲ್ಲಕ್ಕೂ ಒಂದೇ ಬಗೆಯ ವಿಚಿತ್ರ ಹೆಸರು, ಒಂದೊಂದರದು ಒಂದೊಂದು ಗಾತ್ರ. ನೋಡುತ್ತ ಹೋದ ಹಾಗೆ ಸಂಗತಿ ತಿಳಿಯಿತು. ಈ ಪ್ರೋಗ್ರಾಂನಲ್ಲಿ ಪತ್ರ ಅಳಿಸಿದರೂ ಅದು ಕೂಡಲೇ ಹೋಗುವುದಿಲ್ಲ, ಅಳಿಸಿದ ಗುರುತು ಹೊತ್ತು ಒಳಗೇ ಇರುತ್ತದೆ. ಆಗಾಗ ಪ್ರೋಗ್ರಾಂ ಬೇಕಾದ ಪತ್ರಗಳನ್ನಷ್ಟೇ ಆರಿಸಿ ಹೊಸ ಕಡತಕ್ಕೆ ಬರೆದು, ಹಳೆಯದನ್ನು ಎಸೆಯುತ್ತದೆ. ಚಾಚಾರ ಕಂಪ್ಯೂಟರ್ ಆ ಕೆಲಸವನ್ನು ಮುಚ್ಚುವ ಹೊತ್ತಿಗೆ ಶುರು ಮಾಡುತ್ತಿತ್ತು. ಅಷ್ಟರಲ್ಲಿ ಇವರು ಗೋಡೆಯ ಸ್ವಿಚ್ ಆರಿಸುತ್ತಿದ್ದರು. ಹೊಸ ಕಡತ ಅರ್ಧಕ್ಕೆ ನಿಲ್ಲುತ್ತಿತ್ತು, ಗುರುತು ಉಳಿಯುತ್ತಿತ್ತು. ಮರುದಿನ ಮತ್ತೆ ಮೊದಲಿನಿಂದ. ಮೊದಮೊದಲು ಪ್ರೋಗ್ರಾಂ ಹಳೆಯ ಗುರುತನ್ನು ತಾನೇ ಅಳಿಸಿಕೊಂಡು ತೆರೆಯುತ್ತಿದ್ದಿರಬೇಕು, ಈಗ ಡಿಸ್ಕಿನಲ್ಲಿ ಅದಕ್ಕೂ ಜಾಗ ಉಳಿದಿರಲಿಲ್ಲ.

ಆ ಕಡತಗಳನ್ನು ಬರೆದ ದಿನ, ಸಮಯ ಓದುತ್ತಿದ್ದಾಗ ಇನ್ನೊಂದು ಸಂಗತಿ ಕಂಡಿತು. "ಚಾಚಾ, ನೀವು ದಿನಾ ಸಂಜೀಮುಂದ ಬಂದ್ ಮಾಡ್ತೀರಿ. ಶುಕ್ರವಾರ ಮಾತ್ರ ಮಧ್ಯಾಹ್ನ. ಹೌದಿಲ್ಲ?"

ಅವರು ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟರು. "ಶುಕ್ರವಾರ ನಮಾಜಿಗೆ ಹೋಗೂ ಮುಂದ ಬಂದ್ ಮಾಡತೇನಿ. ಯಾರು ಹೇಳಿದ್ರು ನಿನಗ?"

ತೋರಿಸಿದೆ. ಅವರು ಸಾಲಾಗಿ ಬೆರಳಾಡಿಸಿದರು. ನಡುವೆ ಹನ್ನೊಂದು ದಿನ ಖಾಲಿ. "ಇದು ಮಗಳ ಮನಿಗೆ ಹೋದಾಗಿನ್ದು" ಎಂದು ತಾವೇ ಹೇಳಿದರು. ಆಮೇಲೆ ಮೆಲ್ಲಗೆ, "ಹಂಗಾದ್ರ ತಪ್ಪು ನಂದ?" ಎಂದರು.

"ಅರ್ಧ ನಿಮ್ದು, ಅರ್ಧ ಅದರದು. ಕೆಲಸ ನಡದೈತಿ ಅಂತ ಕನ್ನಡದಾಗ ಒಂದ ಮಾತ ಹೇಳಿದ್ರ ಅದರ ಗಂಟೇನ್ ಹೋಗತಿತ್ತು?"

ಮೊದಲು ಎಲ್ಲ ಪತ್ರಗಳ ಒಂದು ಪ್ರತಿಯನ್ನು ನಾನು ಒಯ್ದಿದ್ದ ಬೇರೆ ಡಿಸ್ಕಿಗೆ ಇಳಿಸಿದೆ. ಅರ್ಧ ಕಡತಗಳನ್ನು ಅಳಿಸಿ ಜಾಗ ಮಾಡಿದೆ. ಈ ಸಲ ಸ್ವಿಚ್ ಮುಟ್ಟದೆ ಕಾದರೆ ಕೆಲಸ ತಾನೇ ಮುಗಿಯುತ್ತದೆ ಎಂದು ಇಬ್ಬರೂ ಕುಳಿತೆವು. ಖಾರಾ ತಿಂದೆವು, ಚಹಾ ಕುಡಿದೆವು. ಊಟದ ಹೊತ್ತಾಯಿತು. ಮರದ ಪಟ್ಟಿ ಹಚ್ಚಿ ಕೇಳಿದರೆ ಟಿಕ್ಕು ಟಿಕ್ಕು ನಡೆದೇ ಇದೆ. ಚಾಚಾ ಗಮನವಿಟ್ಟು ಕೇಳಿ, "ಇದು ಮುಂದ ಹೋಗಾಕತ್ತಿಲ್ಲ ಬೇಟಿ. ಒಂದ ಜಾಗಾಕ್ಕ ಬಂದು ಮತ್ತ ಹಿಂದಕ್ಕ ಹೊಂಟೈತಿ" ಎಂದರು. ನಾನು ಕಡತದ ಗಾತ್ರ ನೋಡಿದೆ. ನಿಜ. ಅದು ಒಂದು ಅಳತೆಯವರೆಗೆ ಬೆಳೆದು, ಬಿದ್ದು, ಮತ್ತೆ ಸೊನ್ನೆಯಿಂದ ಬೆಳೆಯುತ್ತಿತ್ತು.

ಹಾಗಾದರೆ ಪತ್ರಗಳಲ್ಲೇ ಎಲ್ಲೋ ತೊಡಕಿದೆ. ಚಾಚಾ ಪತ್ರಗಳನ್ನು ಊರಿನ ಹೆಸರಿನ ಮೇಲೆ ಬೇರೆ ಬೇರೆ ಮಾಡಿ ಇಟ್ಟಿದ್ದರು. ಹುಬ್ಬಳ್ಳಿ, ಶಿರಸಿ, ಕೊಲ್ಲಾಪುರ, ಗದಗ, ಹಂಸಭಾವಿ, ಹೀಗೆ ಸುಮಾರು ಮೂವತ್ತು. ಅರ್ಧ ಊರುಗಳನ್ನು ಹೊರಗೆ ಎತ್ತಿಟ್ಟು ನೋಡುವುದು, ಸರಿಹೋದರೆ ತೊಡಕು ಹೊರಗಿಟ್ಟದ್ದರಲ್ಲಿದೆ, ಇಲ್ಲವಾದರೆ ಉಳಿದದ್ದರಲ್ಲಿದೆ, ಮತ್ತೆ ಅದರಲ್ಲಿ ಅರ್ಧ. ನಾನು ಹೀಗೆ ಹೇಳುತ್ತಿದ್ದಂತೆ ಅವರು ಒಂದು ಪೇಟಿ ಎಳೆದು, ರೀಡುಗಳ ಮೇಲೆ ಕಾಗದದ ತುಂಡು ಮುಚ್ಚುತ್ತ ತೋರಿಸಿದರು. ಸೋರುವ ಮನೆ ಹುಡುಕಲು ಅವರೂ ಅದನ್ನೇ ಮಾಡುವುದು, ಅರ್ಧ ಮುಚ್ಚಿ ತಿದಿ ಒತ್ತಿ ನೋಡುವುದು. ನನಗೆ ಇದನ್ನು ಹುಬ್ಬಳ್ಳಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸಿದ್ದರು, ಅವರಿಗೆ ಅವರ ಅಪ್ಪ.

ಐದನೇ ಸಲಕ್ಕೆ ಒಂದೇ ಊರು ಉಳಿಯಿತು. ಹಂಸಭಾವಿ.

ಚಾಚಾ ಪರದೆ ನೋಡಿದರು. ಎದ್ದು ಹೋಗಿ ಕೈ ತೊಳೆದುಕೊಂಡು ಬಂದು ಕುಳಿತರು. "ಅದು ನಾ ಸೋತ ಪೇಟಿ" ಎಂದರು.

ಹಂಸಭಾವಿಯಲ್ಲಿ ಒಬ್ಬ ನಿವೃತ್ತ ಶಿಕ್ಷಕಿ ಇದ್ದಾರೆ, ಎಲ್ಲರೂ ಅಕ್ಕೋರು ಎನ್ನುತ್ತಾರೆ, ಮನೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ. ಅವರ ಪೇಟಿಯಲ್ಲಿ ಬಿಳಿ ಐದು ಎಂಬ ಮನೆ, ಎಂದರೆ ಸಾಲಿನ ಐದನೇ ಬಿಳಿ ಕೀಲಿ, ಒತ್ತಿದಾಗ ದನಿಯ ಜೊತೆಗೆ ಜರ್ ಎಂಬ ಸದ್ದು ಬರುತ್ತದೆ. ಎರಡು ಸಲ ಪೇಟಿಯನ್ನು ಸವಣೂರಿಗೆ ಕಳಿಸಿದರು. ಇಲ್ಲಿ ನುಡಿಸಿದರೆ ಜರ್ ಇಲ್ಲ. ಆದರೂ ಚಾಚಾ ಆ ಮನೆಯ ರೀಡು ಬದಲಿಸಿ ಕಳಿಸಿದರು. ಅಲ್ಲಿಗೆ ಹೋದ ಮೇಲೆ ಮತ್ತೆ ಜರ್. ಅಕ್ಕೋರು ದನಿ ಹಿಡಿದು ಕಳಿಸುತ್ತಲೇ ಇದ್ದರು, ಇವರು ಕೇಳುತ್ತಲೇ ಇದ್ದರು. ಅವರ ಫೋನು ದನಿಯನ್ನು ಸ್ವಲ್ಪವೂ ಕುಗ್ಗಿಸದೆ ಭಾರಿ ಕಡತಗಳಾಗಿ ಹಿಡಿಯುತ್ತಿತ್ತು. ಅವೇ ತುಂಬಿ ಆ ಊರಿನ ಕಡತ ಪ್ರೋಗ್ರಾಂ ತಡೆದುಕೊಳ್ಳುವ ಮಿತಿಗೆ ಬಂದು ನಿಂತಿತ್ತು.

"ಐವತ್ತು ವರ್ಷ ಪೇಟಿ ಬಿಚ್ಚೇನಿ" ಎಂದರು ಚಾಚಾ. "ಒಂದ ಮನಿ ಜರ್ ಅಂತೈತಿ, ಯಾಕ ಅಂತ ಹೇಳಾಕ ಬರವಲ್ದು. ಕಿವಿ ಹೋತೇನೋ ಅನಸತೈತಿ."

ಆ ದನಿಗಳನ್ನೆಲ್ಲ ಬೇರೆ ಜಾಗಕ್ಕೆ ತೆಗೆದಿಟ್ಟು, ಪತ್ರಗಳನ್ನು ಎರಡು ಭಾಗ ಮಾಡಿ, ಕಡತ ಹೊಸದಾಗಿ ಕಟ್ಟಿದೆ. ಪ್ರೋಗ್ರಾಂ ತೆರೆಯಿತು. ಮುಚ್ಚಿದೆವು. ಚಾಚಾ ಮರದ ಪಟ್ಟಿ ಹಚ್ಚಿಕೊಂಡು ಕುಳಿತರು. ಸ್ವಲ್ಪ ಹೊತ್ತು ಟಿಕ್ಕು ಟಿಕ್ಕು ಎಂದು, ಆಮೇಲೆ ನಿಂತಿತು. ಕಂಪ್ಯೂಟರಿನ ಪಟ್ಟಿಯಿಂದ ಪ್ರೋಗ್ರಾಂನ ಹೆಸರೂ ಹೋಯಿತು. ಮೂರು ಸಲ ತೆರೆದು ಮುಚ್ಚಿ ನೋಡಿದೆವು.

ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಆ ಜರ್ ಸದ್ದು ನನ್ನ ತಲೆ ಹೊಕ್ಕಿತ್ತು. ಆ ದನಿಗಳನ್ನು ನಾನೂ ಕೇಳಬಹುದೇ ಎಂದೆ. ಚಾಚಾ ಅಕ್ಕೋರನ್ನು ಕೇಳದೆ ಕೊಡಲಿಲ್ಲ. ರಿಪೇರಿಯಾದ ಪ್ರೋಗ್ರಾಂನಿಂದ ಹೋದ ಮೊದಲ ಪತ್ರ ಅದೇ. ನಾನು ಬಸ್ಸಿಗೆ ಹೊರಡುವುದರೊಳಗೆ ಉತ್ತರ ಬಂತು. "ಕೇಳಲಿ. ಆ ಸದ್ದು ನನ್ನೊಬ್ಬಳ ಕಿವಿಯೊಳಗಿನದಲ್ಲ ಎಂದು ಇನ್ನೊಬ್ಬರು ಹೇಳಿದರೆ ನನಗೂ ಸಮಾಧಾನ."

ಮುಂದಿನ ವಾರವಿಡೀ ಅಂಗಡಿಯಲ್ಲಿ ಗಿರಾಕಿಗಳ ನಡುವೆ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ನನಗೆ ಸಂಗೀತ ಗೊತ್ತಿಲ್ಲ. ಚಾಚಾ ಮತ್ತು ಅಕ್ಕೋರು ಪೇಟಿಯ ದನಿ ಕೇಳುತ್ತಿದ್ದರು, ನನ್ನ ಕಿವಿ ಉಳಿದದ್ದರ ಮೇಲೆಲ್ಲ ಹೋಗುತ್ತಿತ್ತು. ಗಡಿಯಾರದ ಟಿಕ್, ಫ್ಯಾನು, ಒಳಗೆ ಕುಕ್ಕರ್ ಸೀಟಿ, ಒಮ್ಮೆ ಯಾರೋ ಮಗು "ಅಕ್ಕೋರ, ಪೆನ್ಸಿಲ್ ಮುರೀತ್ರಿ" ಎಂದದ್ದು. ಬಿಳಿ ಐದು ಬಂದಾಗಲೆಲ್ಲ ಜರ್. ತಿದಿ ಜೋರಾಗಿ ಒತ್ತಿದರೆ ಹೆಚ್ಚು, ಮೆಲ್ಲಗೆ ಒತ್ತಿದರೆ ಕಡಿಮೆ. ಎಲ್ಲದರಲ್ಲೂ ಇತ್ತು, ಒಂದನ್ನು ಬಿಟ್ಟು.

ಆ ಒಂದರಲ್ಲಿ ಗಡಿಯಾರವಿರಲಿಲ್ಲ, ಫ್ಯಾನೂ ಇರಲಿಲ್ಲ. ಕಾಗೆ ಕೂಗುತ್ತಿತ್ತು, ಟ್ರ್ಯಾಕ್ಟರ್ ಒಂದು ಹಾದುಹೋಯಿತು. ಬಿಳಿ ಐದು ಮೂರು ಸಲ ಬಂತು, ಮೂರೂ ಸಲ ಶುದ್ಧವಾಗಿ. ಹಿಂದೆ ಮುಂದೆ ಹಾಕಿ ಹತ್ತು ಸಲ ಕೇಳಿ, ಚಾಚಾರಿಗೆ ಫೋನ್ ಮಾಡಿದೆ. ಅವರಿಗೂ ಅದೇ ದನಿಯನ್ನು ಕೇಳಲು ಹೇಳಿದೆ. ಅರ್ಧ ಗಂಟೆ ಬಿಟ್ಟು ಅವರೇ ಮಾಡಿದರು.

"ಅಕ್ಕೋರನ್ನ ಕೇಳಿದೆ, ಆವತ್ತ ಪೇಟಿ ಹೊರಗ ಹಿತ್ತಲ ಕಟ್ಟಿಮ್ಯಾಲೆ ಇಟ್ಟಿದ್ರಂತ" ಎಂದರು. "ಬೇಟಿ, ಇಷ್ಟ ವರ್ಷ ನಾ ಪೇಟಿ ಕೇಳಿದೆ. ಅವರ ಮನಿ ಕೇಳಲಿಲ್ಲ."

ಅದರ ಮುಂದಿನ ರವಿವಾರ ಚಾಚಾ ಹಾನಗಲ್ಲಿಗೆ ಬಂದರು. ಅಲ್ಲಿಂದ ಇಬ್ಬರೂ ಚಿಕ್ಕೇರೂರು ದಾಟಿ ಹಂಸಭಾವಿಗೆ ಹೋದೆವು. ಅವರ ಕೈಯಲ್ಲಿ ಹತಾರಗಳ ಡಬ್ಬಿ, ಬಗಲಲ್ಲಿ ಆ ಮರದ ಪಟ್ಟಿ. ಬಸ್ಸಿನಲ್ಲಿ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು. ಅವರು ಅದರ ಮೇಲೆ ಒಂದು ಬೆರಳು ಇಟ್ಟು ನಿಲ್ಲಿಸುವುದು, ಬಿಡುವುದು, ಮತ್ತೆ ನಿಲ್ಲಿಸುವುದು ಮಾಡುತ್ತ ಬಂದರು.

ಅಕ್ಕೋರು ಅರವತ್ತು ದಾಟಿದವರು, ತೆಳ್ಳಗಿನ ಆಳು, ಮಾತು ಕಡಿಮೆ. "ಬರ್ರಿ, ಕುಂತ್ಕೊರ್ರಿ" ಎಂದು ನೀರು ಕೊಟ್ಟು, ಮೊದಲು ನನ್ನ ಕಡೆ ತಿರುಗಿ ಕೇಳಿದರು: "ನಿಮಗ ಕೇಳಿಸಿತೇನ್ರಿ?"

"ಕೇಳಿಸೇತ್ರಿ ಅಕ್ಕೋರ. ಒಂದ ಬಿಟ್ಟು ಎಲ್ಲಾದ್ರಾಗೂ ಕೇಳಿಸೇತಿ."

ಅವರು ತಲೆಯಾಡಿಸಿದರು. ಆಮೇಲೆ ನಿಧಾನವಾಗಿ ಹೇಳಿದರು. ಮನೆಯವರಿಗೆ, ನೆರೆಯವರಿಗೆ ಅಂಥ ಸದ್ದೇನೂ ಗೊತ್ತಾಗುತ್ತಿರಲಿಲ್ಲ. ಹಾವೇರಿಯ ಕಿವಿ ಡಾಕ್ಟರಿಗೆ ಎರಡು ಸಲ ತೋರಿಸಿದ್ದರು. ಕಿವಿ ವಯಸ್ಸಿಗೆ ತಕ್ಕಂತೆ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ್ದರು. ಅದನ್ನು ಅವರು ಕೆಟ್ಟಿದೆ ಎಂದೇ ಅರ್ಥ ಮಾಡಿಕೊಂಡಿದ್ದರು. ಬಿಳಿ ಐದು ಅವರ ಷಡ್ಜ, ಹಾಡು ಹಿಡಿಯುವ ಮೂಲ ಸ್ವರ. ಅದು ಜರ್ ಎನ್ನುತ್ತದೆಂದು ಒಂದು ಮನೆ ಮೇಲೆ ಏರಿಸಿ ಬಿಳಿ ಆರಕ್ಕೆ ಹೋಗಿದ್ದರು. ಮಕ್ಕಳಿಗೆ ತೊಂದರೆಯಿಲ್ಲ. ಅವರದು ಮಾತ್ರ ಮೇಲಿನ ಸ್ವರಗಳಲ್ಲಿ ಗಂಟಲು ಕಟ್ಟುತ್ತಿತ್ತು. ಹಾಗಾಗಿ ಹಾಡುವುದು ಬಿಟ್ಟು ಬರೀ ಹೇಳಿಕೊಡುತ್ತಿದ್ದರು.

ಚಾಚಾ ಮರದ ಪಟ್ಟಿ ಕೈಗೆ ತೆಗೆದುಕೊಂಡರು. "ನೀವು ಬಿಳಿ ಐದು ಹಿಡೀರಿ, ಬಿಡಬ್ಯಾಡ್ರಿ" ಎಂದರು.

ಅಕ್ಕೋರು ಪೇಟಿಯ ಮುಂದೆ ಕುಳಿತು ತಿದಿ ಒತ್ತಿದರು. ಜರ್ ಬಂತು. ಎದುರಿಗೆ ನಿಂತು ಕೇಳಿದಾಗ ಅದು ಎಷ್ಟು ಸಣ್ಣದು ಎಂದು ನನಗೆ ಆಶ್ಚರ್ಯವಾಯಿತು. ಮನೆಯವರಿಗೆ ಗೊತ್ತಾಗದಿದ್ದುದರಲ್ಲಿ ತಪ್ಪಿಲ್ಲ. ಚಾಚಾ ಮರದ ಪಟ್ಟಿಯನ್ನು ಒಂದೊಂದಕ್ಕೂ ಊರುತ್ತ ಕೋಣೆ ಸುತ್ತಿದರು. ಅಲಮಾರಿಯ ಗಾಜು, ಫೋಟೋಗಳು, ಮೂಲೆಯ ತಂಬೂರಿ, ಸ್ಟೂಲ್ ಮೇಲಿನ ಸ್ಟೀಲ್ ತಂಬಿಗೆ. ಗಡಿಯಾರದ ಹತ್ತಿರ ತಡೆದು ನಿಂತರು. ನನ್ನ ಗುಮಾನಿಯೂ ಅದರ ಮೇಲೇ ಇತ್ತು. ಕೆಳಗಿಳಿಸಿ ಒಳಗಿನ ಕೋಣೆಯ ಹಾಸಿಗೆಯ ಮೇಲೆ ಮಲಗಿಸಿ ಬಂದೆವು. ಜರ್ ಹಾಗೇ ಇತ್ತು.

ನನಗೆ ನಿರಾಸೆಯಾಯಿತು. ಒಳಗಿನಿಂದ ಏನೂ ಹೊಳೆಯದೆ, ಹೊರಗಿನಿಂದ ಹೇಗೆ ಕೇಳುತ್ತದೆ ನೋಡೋಣ ಎಂದು ಬೀದಿಗೆ ಇಳಿದೆ. ಅಲ್ಲಿ ಪೇಟಿಯ ದನಿ ಮಂದವಾಗಿತ್ತು, ಜರ್ ಮಾತ್ರ ಜೋರಾಗಿತ್ತು. ಕಿಟಕಿಯ ಸರಳಿಗೆ ತಂತಿಯಿಂದ ಕಟ್ಟಿದ ತಗಡಿನ ಬೋರ್ಡು. ನೀಲಿ ಬಣ್ಣದ ಮೇಲೆ ಬಿಳಿ ಅಕ್ಷರದಲ್ಲಿ ಸಂಗೀತ ಪಾಠಶಾಲೆ ಎಂದು ಬರೆದಿತ್ತು. ಕೆಳಗಿನ ಒಂದು ಮೂಲೆಯ ತಂತಿ ಸಡಿಲಾಗಿತ್ತು. ಅದರ ಮೇಲೆ ಅಂಗೈ ಇಟ್ಟೆ.

ಸದ್ದು ನಿಂತಿತು. ಒಳಗೆ ಪೇಟಿಯೂ ನಿಂತಿತು.

"ಏನ್ ಮಾಡಿದಿ?" ಒಳಗಿನಿಂದ ಚಾಚಾರ ದನಿ.

"ಬೋರ್ಡ್ ಹಿಡದೇನಿ."

"ಕೈ ತಗಿ. ಅಕ್ಕೋರ, ನೀವು ಒತ್ರಿ."

ಕೈ ತೆಗೆದೆ. ಜರ್.

"ಈಗ ಇಡು."

ಇಟ್ಟೆ. ಬಿಳಿ ಐದು ತಾನೊಂದೇ ಆಗಿ ಕಿಟಕಿಯಿಂದ ಹೊರಗೆ ಬಂತು. ನಾವು ಹೀಗೆ ಆರೇಳು ಸಲ ಮಾಡಿದೆವು. ಒಮ್ಮೆ ನೋಡಿದರೆ ಸಾಕಾಗಿತ್ತು, ಆದರೆ ಮೂವರಿಗೂ ನಿಲ್ಲಿಸಲು ಮನಸ್ಸಿರಲಿಲ್ಲ. ಕೊನೆಗೆ ಅಕ್ಕೋರು ತಾವೇ ಹೊರಗೆ ಬಂದು, ನನ್ನನ್ನು ಪೇಟಿಯ ಮುಂದೆ ಕೂರಿಸಿ, ಯಾವ ಮನೆ ಒತ್ತಬೇಕೆಂದು ತೋರಿಸಿ, ಬೋರ್ಡಿನ ಮೇಲೆ ತಮ್ಮ ಕೈ ಇಟ್ಟು ನೋಡಿದರು.

ಆ ಬೋರ್ಡನ್ನು ಕಲಿತು ಹೋದ ಮಕ್ಕಳು ಸೇರಿ ಮಾಡಿಸಿ ತಂದು, ಯುಗಾದಿಯ ದಿನ ಕಟ್ಟಿದ್ದರಂತೆ. ಅದೇ ಬೇಸಿಗೆಯಲ್ಲಿ ಪೇಟಿ ಮೊದಲ ಸಲ ಸವಣೂರಿಗೆ ಹೋಗಿತ್ತು. ಎರಡನ್ನೂ ಕೂಡಿಸಿ ಯಾರೂ ನೋಡಿರಲಿಲ್ಲ. ಬಿಳಿ ಐದರ ದನಿಗೆ ಮಾತ್ರ ಆ ತಗಡು ಯಾಕೆ ನಡುಗುತ್ತಿತ್ತು, ಬಿಳಿ ನಾಲ್ಕಕ್ಕೆ, ಆರಕ್ಕೆ ಯಾಕಿಲ್ಲ ಎಂದು ಕೇಳಿದೆ. "ಎಲ್ಲಾ ತಗಡಿಗೂ ತಂದೊಂದು ಸ್ವರ ಇರತೈತಿ. ಅದನ್ನ ಯಾರರ ಕರದ್ರ ಓ ಅಂತೈತಿ" ಎಂದರು ಚಾಚಾ.

ಅಕ್ಕೋರು ಹೊಸ್ತಿಲ ಮೇಲೆ ಕುಳಿತುಬಿಟ್ಟರು. ನಕ್ಕರು, ನಗು ಅರ್ಧಕ್ಕೆ ನಿಂತಿತು. "ಎಂಟು ವರ್ಷ ನಾ ಹಾಡಿಲ್ರಿ" ಎಂದರು. ಪಕ್ಕದಲ್ಲಿ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಎದ್ದು ಒಲೆಯ ಮೇಲೆ ಚಹಾಕ್ಕೆ ಇಟ್ಟರು.

ನಾನು ಬೋರ್ಡು ಬಿಚ್ಚುತ್ತಿದ್ದಾಗ ಚಾಚಾ ಪೇಟಿಯ ಮುಚ್ಚಳ ತೆಗೆದರು. ಡಬ್ಬಿಯಿಂದ ಒಂದು ಸಣ್ಣ ಬಟ್ಟೆಯ ಚೂರು ಹೊರಬಂತು. ಅದರಲ್ಲಿ ಹಳೆಯ ರೀಡು. ತಾವು ಅಂದು ಸುಮ್ಮನೆ ಬದಲಿಸಿದ್ದ, ಏನೂ ಕೆಡದಿದ್ದ ರೀಡು. "ಇದು ಈ ಪೇಟಿ ಕೂಡ ಬಂದದ್ದು. ನಾ ತಪ್ಪ ತಿಳದು ತಗದಿದ್ದೆ. ಇಟ್ಕೊಂಡಿದ್ದೆ, ಒಗೀಲಿಲ್ಲ" ಎಂದು ಅಕ್ಕೋರಿಗೆ ತೋರಿಸಿದರು. ಹೊಸದನ್ನು ತೆಗೆದು ಹಳೆಯದನ್ನು ಕೂರಿಸಲು, ಸಣ್ಣ ಅರದಿಂದ ತೀಡಿ ಅಕ್ಕಪಕ್ಕದ ಸ್ವರಗಳಿಗೆ ಹೊಂದಿಸಲು ಒಂದು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಅಕ್ಕೋರು ಕದಲದೆ ನೋಡಿದರು.

ಆಮೇಲೆ ಅವರು ಬಿಳಿ ಐದು ಹಿಡಿದು ಹಾಡಿದರು. ಮೊದಲು ದನಿ ಒಡೆಯಿತು. ಕೆಮ್ಮಿ ಮತ್ತೆ ಹಿಡಿದರು. ಚೆನ್ನಾಗಿತ್ತೋ ಇಲ್ಲವೋ ಹೇಳುವಷ್ಟು ನನಗೆ ತಿಳಿಯದು. ಪಕ್ಕದ ಮನೆಯ ಹೆಂಗಸು ಮೊರದಲ್ಲಿ ಅಕ್ಕಿ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಿದ್ದಳು, ಹಾಡು ಮುಗಿಯುವವರೆಗೆ ಕೇರಲಿಲ್ಲ. ಚಾಚಾ ತೊಡೆಯ ಮೇಲೆ ಬೆರಳಿಂದ ತಾಳ ಹಾಕುತ್ತಿದ್ದರು. ಬೋರ್ಡನ್ನು ಕಟ್ಟೆಯ ಗೋಡೆಗೆ, ಹಿಂದೆ ಸೈಕಲ್ ಟ್ಯೂಬಿನ ತುಂಡು ಕೊಟ್ಟು, ಬಿಗಿಯಾಗಿ ಮೊಳೆ ಹೊಡೆದು ಬಂದೆವು.

ಹಿಂದಿರುಗುವ ಬಸ್ಸಿನಲ್ಲಿ ಜಾಗ ಸಿಕ್ಕಿತು. ಚಿಕ್ಕೇರೂರಿನವರೆಗೆ ಚಾಚಾ ಕಣ್ಣು ಮುಚ್ಚಿ ಕುಳಿತಿದ್ದರು. ನಿದ್ದೆ ಹತ್ತಿರಬೇಕು ಎಂದುಕೊಂಡೆ.

"ಒಂದ ಮಾತ ಕೇಳಲೇನು" ಎಂದರು. "ಅಳಿಸಿದ ಪತ್ರ ಕೂಡ್ಲೆ ಹೋಗೂದಿಲ್ಲ, ಒಳಗ ಇರತಾವು ಅಂದಿದ್ದಿಯಲ್ಲ. ಹನ್ನೆರಡು ವರ್ಷ ನಾ ಅಳಿಸಿದ್ದು?"

"ಸುಮಾರಷ್ಟು ಇದ್ದಿರಬೇಕು ಚಾಚಾ. ನಾವು ಆವತ್ತ ಸ್ವಚ್ಛ ಮಾಡೂ ತನಕ."

"ನೀ ಮೊದಲಿಗೆ ಒಂದು ಪ್ರತಿ ಇಳಿಸಿಕೊಂಡಿದ್ದಿ. ಅದರಾಗ?"

ಅದನ್ನು ನಾನು ಯೋಚಿಸಿರಲಿಲ್ಲ. ಅಂಗಡಿಯ ಕಪಾಟಿನಲ್ಲಿದ್ದ ಆ ಡಿಸ್ಕಿನಲ್ಲಿ ಎಲ್ಲವೂ ಇದ್ದವು. "ಅದರಾಗ ಅದಾವು" ಎಂದೆ. "ನಾ ತಗದು ನೋಡಿಲ್ಲ. ಬೇಕಂದ್ರ ನಿಮಗ ಕೊಡತೇನಿ, ಬ್ಯಾಡಂದ್ರ ಅಳಿಸಿಬಿಡತೇನಿ."

ಬಸ್ಸು ತಿಳವಳ್ಳಿಯಲ್ಲಿ ನಿಂತು, ಮಂದಿ ಇಳಿದು, ಮತ್ತೆ ಹೊರಟಿತು.

"ಪತ್ರ ಬ್ಯಾಡ" ಎಂದರು. "ಪೇಟಿ ದನಿ ಅಷ್ಟ ತಗದು ಕೊಡು. ಸರಿಹೋದ್ವು ಅಂತ ಅಳಿಸಿದ್ದೆ. ಇನ್ನೊಮ್ಮೆ ಕೇಳತೇನಿ. ಈ ಸಲ ಅವರ ಮನಿಗೋಳನ್ನೂ ಕೇಳತೇನಿ."